ಛಾಪಾ, ಕಾಟಾ

ಬ್ಯಾಡಗಿಯ ಪೇಟೆಯ ಹಿಂದೆ ತಗಡಿನ ಶೆಡ್ಡಿನಲ್ಲಿ
ತೊಟ್ಟು ಬಿಡಿಸುವ ಹೆಂಗಸರು ನೂರು ಮಂದಿ.
ನನ್ನ ಚೀಲದಲ್ಲಿ ನೂರು ಫಾರ್ಮು, ಒಂದು ರೂಪಾಯಿ.
ಕೇಳಬೇಕಾದದ್ದು ಒಂದೇ:
ಹೋದ ಸುಗ್ಗಿಯಲ್ಲಿ ಮಾಲಕರಿಗೆ ಹೇಳದೆ
ಮೆಣಸಿನಕಾಯಿ ಮನೆಗೆ ಒಯ್ದದ್ದುಂಟೇ?

ಬಾಯಿ ತೆರೆಯುವ ಮೊದಲೇ ಸೀನು ಬಂತು.
ಅವರು ನಕ್ಕರು. ಯಾರೋ ನೀರು ಕೊಟ್ಟರು.

ನಿನ್ನೆ ಹಾಗೇ ಕೇಳಿ ನೋಡಿದ್ದೆ, ಮುಖಕ್ಕೆ ಮುಖ ಕೊಟ್ಟು.
ಹನ್ನೆರಡು ಮಂದಿ, ಹನ್ನೆರಡು ಇಲ್ಲ.
ಕೊನೆಯವಳು ಇಲ್ಲ ಅನ್ನುವಾಗ
ಸೆರಗಿನ ಗಂಟಿನಿಂದ ಒಂದು ಬೀಜ ಉದುರಿತು.
ನಾವಿಬ್ಬರೂ ಅದನ್ನು ನೋಡಲಿಲ್ಲ.

ಇವತ್ತು ಧಾರವಾಡದ ಸರ್ ಕಲಿಸಿದ ಉಪಾಯ:
ಚೀಲದ ಥಪ್ಪಿ ಹಿಂದ ಹೋಗ್ರಿ, ರೂಪಾಯಿ ಹಾರಿಸ್ರಿ,
ನನಗ ತೋರಸಬ್ಯಾಡ್ರಿ.
ಛಾಪಾ ಬಿದ್ದರ ಸುಮ್ಮನ ಹೌದು ಅನ್ರಿ.
ಕಾಟಾ ಬಿದ್ದರ ಖರೆ ಹೇಳ್ರಿ.
ಹೌದು ಅಂದಾಕಿ ತಾನಾಗಿ ಅಂದಳೋ, ರೂಪಾಯಿ ಅನಿಸಿತೋ
ನನಗೂ ತಿಳಿಯಂಗಿಲ್ಲ, ದೇವರಾಣಿ.

ಫಕ್ಕೀರವ್ವನ ಕೈ ನಿಂತಿತು.
"ಕಾಟಾ ಬಿದ್ದರ ಖರೆ?
ಈ ಪ್ಯಾಟಿಯೊಳಗ ಕಾಟಾ
ಯಾವಾಗ ಖರೆ ಹೇಳೈತಿ, ತಂಗಿ?"
ಶೆಡ್ಡಿಗೆ ಶೆಡ್ಡೇ ಕೆಮ್ಮಿ ಕೆಮ್ಮಿ ನಕ್ಕಿತು.
ಆಚೆ ತೂಕದವನು ತಲೆ ಎತ್ತಿ ನೋಡಿ
ಮತ್ತೆ ಬೆರಳ ತುದಿ ತಟ್ಟೆಗೆ ತಾಗಿಸಿದ.
ಅವನ ಪಾಲಿಗೆ ಫಾರ್ಮು ಇರಲಿಲ್ಲ.

ಒಬ್ಬೊಬ್ಬರೇ ಥಪ್ಪಿಯ ಹಿಂದೆ ಹೋದರು.
ಹಾಸುಗಲ್ಲಿನ ಮೇಲೆ ರೂಪಾಯಿಯ ಸಪ್ಪಳ,
ಒಂದು ಉಸಿರು, ಆಮೇಲೆ
ಹೌದು. ಹೌದು. ಇಲ್ಲ. ಹೌದು.
ಮಾಬೂಬಿಯ ಹೌದು ಎಷ್ಟು ಹಗುರವಿತ್ತೆಂದರೆ
ಯಾರೋ ಬೆನ್ನ ಮೇಲಿನ ಚೀಲ ಇಳಿಸಿಕೊಂಡ ಹಾಗೆ.
ಸಂಕವ್ವ ಮಾತ್ರ ಎದ್ದೇ ಹೋಗಲಿಲ್ಲ.
"ರೂಪಾಯಿ ಮರಿಗೆ ನಿಂತು ಹೇಳೂ ಮಾತೇನ ಇದು?
ಒಯ್ದೀನಿ. ದಿನಾ ಒಂದು ಹಿಡಿ.
ಕೂಲಿ ಎಷ್ಟು ಕೊಡ್ತಾರ, ಅದನ್ನೂ ಬರಕೋ."
ಅದಕ್ಕೆ ಫಾರ್ಮಿನಲ್ಲಿ ಮನೆಯಿಲ್ಲ.
ಅಂಚಿನಲ್ಲಿ ಬರೆದೆ, ಪೆನ್ಸಿಲ್ಲಿನಲ್ಲಿ.

ರಾತ್ರಿ ಲಾಡ್ಜಿನಲ್ಲಿ ಲೆಕ್ಕ.
ಎಪ್ಪತ್ತೊಂದು ಹೌದು.
ಐವತ್ತು ರೂಪಾಯಿಯ ಪಾಲು,
ಮಿಕ್ಕ ಇಪ್ಪತ್ತೊಂದು ಯಾರದೋ.
ಕಳವು ಇದೆ, ಕಳ್ಳಿಯರಿಲ್ಲ.
ಸರ್‌ಗೆ ಹಿಡಿಸುತ್ತದೆ.

ಕಟ್ಟಿನ ತಳದಲ್ಲಿ ನಾಲ್ಕು ಫಾರ್ಮು.
ಸಂಜೆ ಶೆಡ್ಡು ಖಾಲಿಯಾದ ಮೇಲೆ
ತೂಕದವನ ಮೇಜಿಗೆ ಒರಗಿ ನಾನೇ ತುಂಬಿದ್ದು:
ಎರಡು ಹೌದು, ಎರಡು ಇಲ್ಲ,
ಅನುಮಾನ ಬರದ ಹಾಗೆ.

ಬಾಗಿಲು ಹಾಕಿ ರೂಪಾಯಿ ಹಾರಿಸಿದೆ.
ಅದು ಉರುಳುತ್ತ ಮಂಚದ ಕೆಳಗೆ ಹೋಯಿತು.
ಬಗ್ಗಿ ನೋಡಬಹುದಿತ್ತು.
ದೀಪ ಆರಿಸಿ ಕಣ್ಣುಜ್ಜಿಕೊಂಡೆ,
ಬೆರಳಿನ ಖಾರ ಮರೆತು.