ತಿಳಿ

ಆಗಸ್ಟಿನಲ್ಲಿ ನೀಲಿ ನೈಲಿಗೆ ಆ ಹೆಸರು ಒಪ್ಪುವುದಿಲ್ಲ.
ಇಥಿಯೋಪಿಯದ ಬೆಟ್ಟಗಳ ಮೈ ತೊಳೆದ ನೀರು
ಇಟ್ಟಿಗೆ ಬಣ್ಣದಲ್ಲಿ ನಮ್ಮ ದಂಡೆಗೆ ಬರುತ್ತದೆ.
ಜೀರಿಗೆ, ಅಂದರೆ ನಮ್ಮ ಮಣ್ಣಿನ ಹಂಡೆಗೆ, ತುಂಬಿಟ್ಟರೆ
ಮರಳು ರೆಪ್ಪೆ ಬಡಿಯುವಷ್ಟರಲ್ಲಿ ತಳ ಸೇರುತ್ತದೆ.
ಆ ನುಣ್ಣನೆಯ ಕೆಂಪು ಹುಡಿ ಮಾತ್ರ
ಇಂದೂ ಇಳಿಯದು, ನಾಡಿದ್ದೂ ಇಳಿಯದು.

ಕಸಲಾದಿಂದ ಸೊಸೆಯಾಗಿ ಬಂದ ವರ್ಷ ಕೇಳಿದ್ದೆ:
ಮಣ್ಣಲ್ಲವೇ, ಯಾಕೆ ಬೀಳುವುದಿಲ್ಲ?
ಅತ್ತೆ ಸಿತ್ತಾನಾ ಜೀರಿನ ಬಾಯಿಗೆ ಬಟ್ಟೆ ಬಿಗಿಯುತ್ತ
"ಒಂದನ್ನು ಕಂಡರೆ ಒಂದಕ್ಕಾಗದು" ಎಂದಳು,
"ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ನೋಡು."

ಆಮೇಲೆ ವಾದ್ ಮದನಿಯ ನೀರಿನ ಇಲಾಖೆಯಿಂದ ಬಂದ ಇದ್ರೀಸ್,
ಕನ್ನಡಕದ ಮುರಿದ ಕಡ್ಡಿಗೆ ತಂತಿ ಸುತ್ತಿಕೊಂಡ ಹುಡುಗ,
ಅದನ್ನೇ ಬೇರೆ ಮಾತಿನಲ್ಲಿ ಹೇಳಿದ:
ಪ್ರತಿ ಕಣದ ಮೈಮೇಲೂ ಒಂದೇ ಜಾತಿಯ ವಿದ್ಯುತ್ತು,
ಹತ್ತಿರ ಬಂದರೆ ತಳ್ಳುತ್ತದೆ.
ತೀರಾ ಹತ್ತಿರ ಬಂದರೋ,
ಅಲ್ಲೊಂದು ಸೆಳೆತ ಕಾದಿದೆ, ಹಿಡಿದರೆ ಬಿಡದ್ದು.
ನಡುವೆ ಒಂದು ದಿಬ್ಬ.
ಹತ್ತಲು ಕಣಕ್ಕೆ ಕಸುವಿಲ್ಲ.
ನೀರಿನ ಗುದ್ದು ತಿನ್ನುತ್ತ, ನಡುಗುತ್ತ,
ದಿಬ್ಬದ ಈಚೆಯೇ ಅಲೆಯುತ್ತದೆ.

ಅತ್ತೆಗೆ ದಿಬ್ಬ ಗೊತ್ತಿರಲಿಲ್ಲ, ಮರ ಗೊತ್ತಿತ್ತು.
ಅಂಗಳದ ನುಗ್ಗೆ. ಒಣಗಿದ ಕಾಯಿ ಒಡೆದು
ಬೀಜದ ರೆಕ್ಕೆ ಕಿತ್ತು, ಕುಟ್ಟಿ,
ಬಟ್ಟಲು ನೀರಲ್ಲಿ ಕದಡಿ, ಸೋಸಿ, ಸುರಿದು
ಮೊದಲು ಬಿರುಸಾಗಿ ತಿರುವುತ್ತಿದ್ದಳು,
ಕೇರಿಗೆಲ್ಲ ಸುದ್ದಿ ಮುಟ್ಟಿಸುವವಳ ಹಾಗೆ.
ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ,
ಮಗು ಮಲಗಿದ ಮೇಲೂ ತೊಟ್ಟಿಲು ಬಿಡದ ಕೈ.
ಕೂಡಿದ್ದು ಒಡೆಯಬಾರದಲ್ಲ.
ಹಿಂಜಿದ ಅರಳೆಯಂಥ ಚೂರುಗಳು ಮೂಡಿ,
ಒಂದನ್ನೊಂದು ಆತು, ದಪ್ಪಗಾಗಿ,
ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಕೂತುಬಿಡುತ್ತಿದ್ದವು.

ಮೈದುನನ ಮದುವೆ. ಮುನ್ನೂರು ನೆಂಟರು.
ಬೇಗ ತಿಳಿಯಾಗಲೆಂದು ನಾನು
ಹಿಡಿಯ ಮೇಲೆ ಹಿಡಿ ಬೀಜ ಸುರಿದೆ.
ನೀರು ಒಮ್ಮೆಯೂ ಒಡೆಯಲಿಲ್ಲ.
ಸಂಜೆಯಾದರೂ ಹಾಗೇ, ಕೆಂಪು ಮಜ್ಜಿಗೆ.
ಇದ್ರೀಸ್ ಬಗ್ಗಿ ನೋಡಿ ನಕ್ಕ:
ಅತಿಯಾಯಿತು, ಈಗ ಎಲ್ಲವೂ ಅಂಗಿ ಬದಲಿಸಿವೆ,
ಆಗಲೂ ಒಂದೇ ಅಂಗಿ, ಈಗಲೂ ಒಂದೇ,
ಮತ್ತೆ ತಳ್ಳಾಟ.

ಅತ್ತೆ ನಗಲಿಲ್ಲ, ಬೈಯಲೂ ಇಲ್ಲ.
ಅರ್ಧ ನೀರನ್ನು ಇನ್ನೊಂದು ಜೀರಿಗೆ ಬಗ್ಗಿಸಿ
ಹೊಳೆಯಿಂದ ಹಸಿ ರಾಡಿ ತರಿಸಿ
ಎರಡಕ್ಕೂ ಸುರಿದಳು.
ರಾಡಿಗೆ ರಾಡಿ! ನನ್ನ ಕೈ ಬಾಯಿಗೆ ಹೋಯಿತು.
ಹೊಸ ಕೆಸರು ಹಳೆ ಕೆಸರನ್ನು ಕೈಹಿಡಿದು
ಕೆಳಗೆ ಕರೆದೊಯ್ಯುವುದನ್ನು
ಲಾಟೀನು ಹಿಡಿದು ನಿಂತು ನೋಡಿದೆ.

ಅತ್ತೆ ಹೋಗಿ ಏಳು ವರ್ಷ.
ತಳದ ಗಸಿ ಕೆರೆದು ಒಲೆಗೆ ಮೆತ್ತುವಾಗ
ಅವಳ ಬೆರಳಿನ ಗೆರೆ ಎಲ್ಲಿಯಾದರೂ ಉಳಿದೀತೇ ಎಂದು ಹುಡುಕುತ್ತೇನೆ.
ಓರಗಿತ್ತಿ ನಫೀಸಾ ನಾಲ್ಕು ತಿಂಗಳ ಮುನಿಸು ಬಿಟ್ಟು
ನಿನ್ನೆ ಕೊಡ ಹೊತ್ತು ಬಂದು ಕೇಳಿದಳು, ಎಷ್ಟು ಬೀಜ?

ಲೆಕ್ಕ ಹೇಳಲಿಲ್ಲ.
ಹೊಳೆಗೆ ಹೋಗಿ ನೋಡೋಣ ಬಾ, ಎಂದೆ,
ಇವತ್ತು ಎಷ್ಟು ಕದಡಿದೆಯೋ.