ಒಂದು ತಾಸು ಮುಟ್ಟಬೇಡಿ

ಮೈನಸ್ ಮೂವತ್ತೆರಡು.
ಉಲಾನ್‌ಬಾತರದ ಹೊಗೆ ಕಿಟಕಿಗೆ ಮೂತಿ ಒತ್ತಿ ನಿಂತಿದೆ.
ಎರಡನೇ ಮಹಡಿಯ ಮೆಟ್ಟಿಲ ಪಕ್ಕದ ಗೂಡು, ನನ್ನ ಅಂಗಡಿ.
ಒಂದು ಮೇಜು, ಎರಡು ಸ್ಟೂಲು,
ಅಯಸ್ಕಾಂತಕ್ಕೆ ಕಚ್ಚಿಕೊಂಡ ಇರುವೆ ಗಾತ್ರದ ಸ್ಕ್ರೂಗಳು.

ಬೆಳಿಗ್ಗೆ ಮೊದಲು ಬಂದದ್ದು ಚಹಾ ಕುಡಿದ ಕೀಬೋರ್ಡು.
'ಒಂದೇ ಹನಿ, ಅಕ್ಕಾ' ಅಂದಳು ಹುಡುಗಿ.
ಬಿಚ್ಚಿದೆ. ಹಾಲು ಕೆನೆಗಟ್ಟಿ, ಉಪ್ಪು ಹರಳುಗಟ್ಟಿ
ಇಡೀ ಕೆಟಲು ಎದ್ದು ನಿಂತು ಸಾಕ್ಷಿ ಹೇಳಿತು.
ವೈದ್ಯರಿಗೂ ವಕೀಲರಿಗೂ ನಿಜ ಹೇಳುವ ಮಂದಿ
ನನಗೆ ಮಾತ್ರ ಸುಳ್ಳು ಹೇಳುತ್ತಾರೆ, ಯಾಕೋ.

ಆಮೇಲೆ ಲೆಕ್ಕಿಗ ಗಾನ್‌ಸುಖ್. 'ಸತ್ತೇಹೋಗಿದೆ.'
ಚಾರ್ಜರಿನ ತಂತಿ ನಡುವಿನ ಡಬ್ಬಿಯಿಂದ ಅರ್ಧ ಕಳಚಿತ್ತು.
ಒತ್ತಿದೆ. ಹಸಿರು ದೀಪ.
ದುಡ್ಡು ತಗೊಳ್ಳಲಿಲ್ಲ,
ಆತನ ಕಿವಿ ಕೆಂಪಾದದ್ದೇ ಸಾಕಾಯಿತು.

ಮೂರು ಗಂಟೆಗೆ ದೊರ್ಲಿಗ್ ಬಂದ, ದುಂದ್‌ಗೊವಿಯಿಂದ,
ಒಂದು ಬಗ್‌ನ ಮುಖ್ಯಸ್ಥ.
(ನಮ್ಮಲ್ಲಿ ಬಗ್ ಅಂದರೆ ಹೋಬಳಿ,
ಯಂತ್ರದೊಳಗಿನ ಹುಳವಲ್ಲ.)
ಇಡೀ ರಾತ್ರಿ ಜೀಪಿನ ಹಿಂದೆ ಬಿದ್ದಿದ್ದ ಲ್ಯಾಪ್‌ಟಾಪು
ಮೇಜಿಗೆ ಇಟ್ಟದ್ದೇ ತಡ, ಬೆಳ್ಳಗೆ ಬೆವರಿತು.
ಬಟನ್ನಿಗೆ ಹೋದ ಅವನ ಬೆರಳು ಹಿಡಿದೆ.
'ಒಂದು ತಾಸು ಮುಟ್ಟಬೇಡಿ.
ಒಳಗೆ ಬಂದಾಗ ನಿಮ್ಮ ಕನ್ನಡಕ ಮಂಜಾಯಿತಲ್ಲ,
ಇದರ ಹೊಟ್ಟೆಯೊಳಗೂ ಹಾಗೇ ಆಗಿರುತ್ತೆ.
ಈಗ ಕರೆಂಟು ಕೊಟ್ಟರೆ ಸುಟ್ಟೀತು.'

'ನಾಳೆ ಹತ್ತಕ್ಕೆ ಗಣತಿ ಒಪ್ಪಿಸಬೇಕು ತಾಯಿ.
ನಮ್ಮ ಬಗ್‌ನ ಜೀವವೆಲ್ಲ ಇದರೊಳಗಿದೆ,
ಹದಿನೆಂಟು ಸಾವಿರದ ನಾನೂರ ಆರು.'

'ನಕಲು ಇಟ್ಟಿದ್ದೀರಾ?'

'ಕುರಿಗೆ ನಕಲೇ?'

ಕೂತೆವು. ಗಡಿಯಾರಕ್ಕೂ ಚಳಿ ಹಿಡಿದಿತ್ತು.
ಅವನು ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.
ಅರ್ಧ ತಾಸಿನ ಮೇಲೆ ಯಾರಿಗೋ ಹೇಳಿದಂತೆ ಹೇಳಿದ:
'ಮರಗಟ್ಟಿದ ಮರಿಯನ್ನೂ ನೇರ ಒಲೆಗೆ ಒಯ್ಯುವುದಿಲ್ಲ.
ಮೊದಲು ಬಾಗಿಲ ಬಳಿ ಇಡುತ್ತೇವೆ.'
ಆಮೇಲೆ ಸುಮ್ಮನೆ ಚಹಾ ಕುಡಿದ.

ತಾಸಾಯಿತು. ಒತ್ತಿದೆ.
ದೀಪ ಬಂತು, ಫ್ಯಾನು ಉಸಿರು ಬಿಟ್ಟಿತು,
ಪರದೆ ಮಾತ್ರ ಕಾಡಿಗೆ.
ಬ್ಯಾಟರಿ ಕಳಚಿ, ಬಟನ್ನು ಹಿಡಿದು ಮೂವತ್ತರವರೆಗೆ ಎಣಿಸಿದೆ.
ಮೆಮೊರಿ ಪಟ್ಟಿ ತೆಗೆದು ಶಾಲೆಯ ರಬ್ಬರಿನಿಂದ ಉಜ್ಜಿ,
ಊದಿ, ಮತ್ತೆ ಕೂರಿಸಿದೆ.
ಕಾಡಿಗೆ.
ದೊರ್ಲಿಗ್‌ನ ಮುಖದಲ್ಲೂ ಅದೇ ಬಣ್ಣ.

ಟ್ಯೂಬ್‌ಲೈಟು ಆರಿಸಿದೆ.
ಟಾರ್ಚು ಹಚ್ಚಿ ಗಾಜಿಗೆ ಓರೆಯಾಗಿ ಹಿಡಿದೆ.
ಮೊದಲು ಏನಿಲ್ಲ. ಇನ್ನಷ್ಟು ಓರೆ.
ಆಗ, ಆಳದಲ್ಲಿ, ಮಂಜುಗಡ್ಡೆಯ ಕೆಳಗಿನ ಮೀನುಗಳ ಹಾಗೆ
ಸಣ್ಣ ಸಣ್ಣ ಅಂಕಿಗಳು.

'ಪರದೆಯ ದೀಪ ಸತ್ತಿದೆ,' ಅಂದೆ. 'ಚಿತ್ರ ಬದುಕಿದೆ.'

ಟಾರ್ಚು ನನ್ನ ಕೈಯಿಂದ ಯಾವಾಗ ಅವನ ಕೈಗೆ ಹೋಯಿತೋ.
ನಡುರಾತ್ರಿ ತೋಳದ ಸದ್ದಿಗೆ ಎದ್ದವನ ಹಾಗೆ
ಸಾಲು ಸಾಲಿಗೂ ಬೆಳಕು ಬಿಟ್ಟು ನಡೆದ:
ಕುರಿ ಇವೆ. ಮೇಕೆ ಇವೆ. ಹಸು, ಇವೆ.
ಒಂಟೆ ಹನ್ನೊಂದು, ಹ್ಞಾಂ, ಹನ್ನೊಂದೂ.

'ಅಣ್ಣಾ, ಹಳೆಯ ಮಾನಿಟರ್ ಒಂದಿದೆ,
ತಂತಿ ಸಿಕ್ಕಿಸಿದರೆ ಎಲ್ಲ ದೊಡ್ಡದಾಗಿ ಕಾಣುತ್ತೆ.'
'ಇರಿ ಇರಿ. ಮಧ್ಯದಲ್ಲಿ ಎಣಿಕೆ ತಪ್ಪಬಾರದು.'

ಇದ್ದಕ್ಕಿದ್ದಂತೆ ಬೆಳಕು ಒಂದು ಕಡೆ ನಿಂತಿತು.
'ಅಯ್ಯೋ. ತ್ಸೋಗ್‌ಜೋಲ್ಮಾ ಮನೆಯ ಆರು ಮೇಕೆ
ಕುದುರೆಯ ಸಾಲಲ್ಲಿ ನಿಂತಿವೆ.'

ಟ್ಯೂಬ್‌ಲೈಟು ಹಾಕಿ, ತಂತಿ ಹುಡುಕುತ್ತ ಹೇಳಿದೆ:
ಅದು ನನ್ನ ಕೆಲಸವಲ್ಲ,
ಆ ರಿಪೇರಿ ನಿಮ್ಮದು.