ಗುಡಾಣ ತೊಳೆಯುವವನ ಲೆಕ್ಕ

ಕಾಖೇತಿಯಲ್ಲಿ ನಾವು ದ್ರಾಕ್ಷಾರಸವನ್ನು ಹೂಳುತ್ತೇವೆ.
ಆಳುದ್ದದ ಮಣ್ಣಿನ ಗುಡಾಣ, ಕಂಠದವರೆಗೂ ನೆಲದೊಳಗೆ.
ವರ್ಷಕ್ಕೊಮ್ಮೆ ಅದರೊಳಗಿಳಿದು ತಿಕ್ಕುವವನು ನಾನು, ಜುಂಬರ್.
ಅಪ್ಪನದೂ ಇದೇ ಕಸುಬು, ಇದೇ ಕಿರಿದು ಹೆಗಲು.
ಕೂಲಿ ಅರ್ಧ ಕಾಸು, ಅರ್ಧ ಕೊಡ.

ಎಂಬತ್ತು ಮನೆಯ ಗುಡಾಣ ಬಲ್ಲೆ.
ಯಾವುದರ ತಳ ಬಿರಿದಿದೆ, ಯಾವುದಕ್ಕೆ ಹುಳಿ ಹಿಡಿದಿದೆ,
ಬಗ್ಗಿ ಒಮ್ಮೆ ಕೂಗಿದರೆ ಸಾಕು, ದನಿ ಹೇಳುತ್ತದೆ.
ನನ್ನದೊಂದನ್ನು ಮಾತ್ರ ಕೂಗಿ ನೋಡಿರಲಿಲ್ಲ.

ತೆಲಾವಿಯ ಡಾಕ್ಟರು ಏತೇರಿ, ನನ್ನ ಮಗಳಿಗಿಂತ ಚಿಕ್ಕವಳು,
ಬಲ ಪಕ್ಕೆಗೆ ತಣ್ಣನೆಯ ಅಂಟು ಸವರಿ
ಪರದೆಯ ಮೇಲೆ ಬೂದು ಮೋಡ ತೋರಿಸಿದಳು.
"ಲಿವರಿಗೆ ನರಳಲು ಬಾಯಿಲ್ಲ, ಮಾವ.
ನಿಮ್ಮದು ಇನ್ನೂ ಹಟ ಬಿಟ್ಟಿಲ್ಲ, ಅಷ್ಟೇ ಪುಣ್ಯ."
ಎಷ್ಟು ಕುಡಿಯುತ್ತೀರಿ ಎಂದಾಗ ಎಲ್ಲರಷ್ಟೇ ಎಂದೆ.
ಬರೆದುಕೊಂಡಳು. ಏನು ಬರೆದಳೋ.

ಮೊದಲ ವಾರ ಆಸ್ಪತ್ರೆಯಲ್ಲೇ.
ಚಮಚ ಬಾಯಿ ತಲುಪುವಷ್ಟರಲ್ಲಿ
ಸಾರು ದಾರಿಯಲ್ಲೇ ಇಳಿದುಹೋಗುತ್ತಿತ್ತು.

ಮನೆಗೆ ಬಂದ ಮೇಲೆ ಒಂದು ಗಾಜಿನ ಜಾಡಿ.
ಕುಡಿಯದೆ ಮಲಗಿದ ರಾತ್ರಿಗೊಂದು ಕೆಂಪು ತಿಂಗಳವರೆ ಕಾಳು.
ನಲವತ್ತೊಂದಾದಾಗ ದೊಡ್ಡಪ್ಪನ ಮಗ ತೀರಿಕೊಂಡ.
ಸಾವಿನ ಊಟದಲ್ಲಿ ಅವನ ಹೆಸರಿಗೆ ಎಲ್ಲರೂ ಎದ್ದರು, ನಾನೂ ಎದ್ದೆ,
ಯಾರೋ ಕೈಗೆ ಲೋಟ ಇಟ್ಟರು.
ಯಾರೋ ಅಲ್ಲ. ನಾನೇ ತಗೊಂಡೆ.

ಮಾರನೆಯ ಬೆಳಿಗ್ಗೆ ಜಾಡಿ ಬೋರಲು ಹಾಕಿದೆ.
ಮ್ಜಿಯಾ ಬಯ್ಯಲಿಲ್ಲ. ಒಲೆಯಡಿಗೆ ಉರುಳಿದ್ದ ಕಾಳೊಂದನ್ನು
ಹೆಕ್ಕಿ ಕೊಟ್ಟಳು: "ಇದರಿಂದ ಶುರುಮಾಡು."

ಉಪ್ಪು ಇಳಿಯಿತು. ಹಂದಿಕೊಬ್ಬು ಹೋಯಿತು.
ಸಕ್ಕರೆಯಿಲ್ಲದ ಕಾಫಿಗೆ ನಾಲಗೆ ಹೇಗೋ ಒಗ್ಗಿತು.
ಸಂಜೆ ಆರು ಗಂಟೆಗೆ ಮಾತ್ರ ಅರವತ್ತಕ್ಕಿಂತ ಹೆಚ್ಚು ನಿಮಿಷ.
ಆಗ ಪಕ್ಕದ ಮನೆಯ ನಾಯಿಯ ಜೊತೆ ಅಲಜಾನಿ ಹೊಳೆಯವರೆಗೆ ನಡೆಯುತ್ತೇನೆ;
ನನ್ನ ಕಾಯಿಲೆ ಅದಕ್ಕೆ ತಿಳಿಯದು,
ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ಕೆರೆಯುತ್ತದೆ.
ಗೆಳೆಯರು ಎರಡು ಸಲ ಕರೆದರು, ಮೂರನೆಯ ಸಲ ಕರೆಯಲಿಲ್ಲ.
ಆ ನೋವಿಗೆ ಬಾಯಿ ಇತ್ತು.

ನೂರ ನಲವತ್ತಮೂರನೆಯ ದಿನ ಮ್ಜಿಯಾಳ ತಾಯಿ,
ಕಣ್ಣು ಮಂಜಾದ ಮುದುಕಿ, ಜಾಡಿ ಕಂಡವಳೇ
ನೆನೆಹಾಕಿ, ಅಕ್ರೋಟು ಕೊತ್ತಂಬರಿ ಅರೆದು ಬೇಯಿಸಿಬಿಟ್ಟಳು.
ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ.
ನಾನು ರೊಟ್ಟಿ ಮುರಿದು ಅದ್ದಿದೆ.
ಉಪ್ಪು ಸಾಲದು. ಉಳಿದಂತೆ
ಚೆನ್ನಾಗಿಯೇ ಬೆಂದಿದ್ದವು ನನ್ನ ದಿನಗಳು.
ಮತ್ತೆ ಎಣಿಸಲು ಹೋಗಲಿಲ್ಲ.

ಈಗ ಸೆಪ್ಟೆಂಬರು, ಬಳ್ಳಿ ಬಾಗಿದೆ.
ಶಲ್ವಾನ ಅಂಗಳದಲ್ಲಿ ಏಣಿ ಬಿಟ್ಟು ಇಳಿದರೆ
ಕಳೆದ ವರ್ಷದ ವಾಸನೆ ಹೆಗಲ ಮೇಲೆ ಕೈಹಾಕುತ್ತದೆ.
ಹಾಕಲಿ. ನಾನು ಚೆರ್ರಿ ತೊಗಟೆಯ ಕುಂಚದಲ್ಲಿ ತಿಕ್ಕುತ್ತೇನೆ.
ಮೊದಲ ಬಕೆಟ್ಟು ಕಪ್ಪು, ಆರನೆಯದು ಕಂದು,
ಹನ್ನೊಂದನೆಯದು ಇನ್ನೂ ತುಸು ಮಬ್ಬು. ಅವಸರವೇನಿಲ್ಲ.

ಅಪ್ಪನದೊಂದು ಕಟ್ಟಳೆ: ತೊಳೆದವನು
ಕೊನೆಯ ನೀರನ್ನು ಮನೆಯೊಡೆಯನೆದುರು ಕುಡಿದು ತೋರಿಸಬೇಕು.
ಅಪ್ಪ ಕುಡಿದು, ಬಾಯೊರೆಸಿ, ಕೂಲಿಯ ಕೊಡಕ್ಕೆ ಕೈಚಾಚುತ್ತಿದ್ದ.

ಮೇಲೆ ಬಂದು ಲೋಟ ಎತ್ತಿದೆ.
ಶಲ್ವಾ, ರೂಢಿಬಲ, ಎದ್ದು ನಿಂತು ಟೋಪಿ ತೆಗೆದ.
"ಯಾರ ಹೆಸರಿಗೆ?" ಎಂದ.
ಸತ್ತವರಿಗೆ, ದೇಶಕ್ಕೆ, ಮಕ್ಕಳಿಗೆ, ಶಾಂತಿಗೆ
ನಲವತ್ತು ವರ್ಷ ಕುಡಿದಿದ್ದೇನೆ, ಬಾಕಿ ಯಾರೂ ಇಲ್ಲ ಅನಿಸಿತು.
ಆಮೇಲೆ ಬಲ ಪಕ್ಕೆಯ ಮೇಲೆ ಒದ್ದೆ ಅಂಗೈ ಇಟ್ಟೆ.
"ಇಲ್ಲೊಬ್ಬನಿದ್ದಾನೆ," ಅಂದೆ, "ಬಾಯಿಲ್ಲದವನು."

ನೀರಿಗೆ ಮಣ್ಣಿನ ರುಚಿಯಿತ್ತು.
ಕೂಲಿ ಪೂರ್ತಿ ಕಾಸಿನಲ್ಲೇ ತಗೊಂಡೆ.